ಶನಿವಾರದ ತನಕ ಒಂದು ಟಾಕಿ

ನಮ್ಮ ಪಡಸಾಲೆಯಲ್ಲಿ ಹಿರಿಯರ ಫೋಟೋಗಳ ಸಾಲಿನ ಪಕ್ಕಕ್ಕೆ, ಅದೇ ಎತ್ತರಕ್ಕೆ, ಮೊಳೆಯೊಂದರಲ್ಲಿ ಬಳೆಯಂಥ ಒಂದು ವಸ್ತು ತೂಗುತ್ತಿದೆ. ಸುತ್ತಲೂ ಕಾಗದದ ನೆರಿಗೆ, ಸೀರೆಯ ನೆರಿಗೆ ಹಿಡಿದ ಹಾಗೆ. ಬಂದವರು ಚಹಾ ಕುಡಿಯುತ್ತ ಅದನ್ನೇ ನೋಡುತ್ತಾರೆ. ದೇವರದೇನೋ ಇರಬೇಕು ಅಂತ ಕೈ ಮುಗಿದವರೂ ಉಂಟು. ನಾನು ಬೇಡ ಅನ್ನಲಿಲ್ಲ. ಅದು ನಮ್ಮ ಕಾರಿನ ಹಳೆಯ ಏರ್ ಫಿಲ್ಟರ್. ಎಂಜಿನ್ನಿನ ಮೂಗು ಅನ್ನಿ. ಈಗಲೂ ಬೆರಳಿನಿಂದ ತಟ್ಟಿದರೆ ಅಣ್ಣಿಗೇರಿಯ ಹಿಟ್ಟು ಉದುರುತ್ತದೆ.

ಕಾರಿನ ಮೂಗಿನೊಳಗೆ ಹಿಟ್ಟು ಹೇಗೆ ಬಂತು ಅಂತ ಕೇಳುವಿರಿ. ಹೇಳುತ್ತೇನೆ. ಹಳೆಯ ಗಾಡಿ ಕೊಳ್ಳುವ ಯೋಚನೆ ನಿಮಗಿದ್ದರೆ ಕುರ್ಚಿ ಸ್ವಲ್ಪ ಮುಂದೆ ಎಳೆದುಕೊಳ್ಳಿ. ಹರಿದ ಗೋಣಿಚೀಲ ಕೊಂಡು, ಹೊಲಿದು, ಮಾರಿ ಬದುಕು ಕಟ್ಟಿಕೊಂಡವನು ನಾನು. ಆಮೇಲೆ ಸುಟ್ಟ ಪಂಪ್‌ಸೆಟ್ ಮೋಟರು, ಅದಾದ ಮೇಲೆ ತುಸು ಹೊಲ. ಹಳೆಯ ವಸ್ತುವಿನಲ್ಲಿ ಇನ್ನೆಷ್ಟು ಜೀವ ಇದೆ ಅಂತ ನೋಡುವುದೇ ನನ್ನ ವಿದ್ಯೆ. ಈ ವಿದ್ಯೆಯನ್ನು ಕೇಳದವರಿಗೂ ಹೇಳಿಕೊಡುವ ಚಟ ನನಗಿದೆ ಅಂತ ಮನೆಯಲ್ಲಿ ದೂರು.

ದೂರುವವಳು ನನ್ನ ಹೆಂಡತಿ ನೀಲಮ್ಮ. ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ನಮ್ಮ ಹಿತ್ತಲಲ್ಲಿ ಖಡಕ್ ರೊಟ್ಟಿ ಮಾಡಿಸುತ್ತಾಳೆ. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತೆಳು. ಹುಬ್ಬಳ್ಳಿಯ ಖಾನಾವಳಿಗಳಲ್ಲಿ 'ನೀಲಮ್ಮನ ರೊಟ್ಟಿ' ಅಂತಲೇ ಅದಕ್ಕೆ ಹೆಸರು. ಮೊದಲು ಈ ರೊಟ್ಟಿ ಗುಡಗೇರಿ ಸ್ಟೇಶನ್ನಿನಿಂದ ಬೆಳಗಿನ ರೈಲಿನಲ್ಲಿ ಹೋಗುತ್ತಿತ್ತು. ಒಮ್ಮೆ ಗರ್ದಿಯಲ್ಲಿ ಯಾರೋ ದೊಡ್ಡ ಮನುಷ್ಯರು ಬುಟ್ಟಿಯ ಮೇಲೆಯೇ ಕೂತುಬಿಟ್ಟರು. ಕೆಳಗಿನಿಂದ ಚರಚರ ಸದ್ದು ಬಂದ ಮೇಲೆ ಗಾಬರಿಯಾಗಿ ಏಳಹೋದರಂತೆ. ನೀಲಮ್ಮ ಅವರ ಹೆಗಲ ಮೇಲೆ ಕೈಯಿಟ್ಟು, "ಏಳಬ್ಯಾಡ್ರಿ ಯಜಮಾನ್ರ, ಇನ್ನೂ ಅರ್ಧ ಗಟ್ಟಿ ಅದಾವು. ಪೂರಾ ಪುಡಿ ಆಗಲಿ, ಬೆಲ್ಲಾ ಕಲಿಸಿ ಮಾದಲಿನರ ಮಾಡಕೋತೀನಿ" ಅಂದಳಂತೆ.

ಮನೆಗೆ ಬಂದು ಮಾತ್ರ ನಗಲಿಲ್ಲ. ಆ ದಿನಗಳಲ್ಲೇ ಒಬ್ಬ ಏಜೆಂಟ ನಮ್ಮ ಬಾಗಿಲಿಗೆ ಬರತೊಡಗಿದ್ದ. ರೊಟ್ಟಿಯನ್ನು ಮನೆಯಿಂದಲೇ ಎತ್ತಿಕೊಂಡು ಹೋಗುತ್ತೇನೆ, ಒಡೆದರೆ ನನ್ನ ಹಣೆಬರಹ, ನೀವು ಹುಬ್ಬಳ್ಳಿಯ ಮುಖ ನೋಡುವುದೇ ಬೇಡ ಅನ್ನುತ್ತಿದ್ದ. ಒಂದೇ ಷರತ್ತು. ರೊಟ್ಟಿ ಅವನ ಚೀಲದಲ್ಲಿ, ಅವನ ಹೆಸರಿನಲ್ಲಿ ಹೋಗಬೇಕು. ನೀಲಮ್ಮ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದವನಿಗೆ ಇಷ್ಟು ತಿಳಿಯುತ್ತದೆ, ಹೆಸರು ಬಿಡಲೂ ಮನಸ್ಸಿಲ್ಲ, ರೈಲು ಹತ್ತಲೂ ಮನಸ್ಸಿಲ್ಲ. ನಾನು ಮರುದಿನವೇ ಸಣ್ಣ ಕಾರೊಂದನ್ನು ಹುಡುಕಿಕೊಂಡು ಹೊರಟೆ.

ಕಾರು ಸಿಕ್ಕಿದ್ದು ಅಣ್ಣಿಗೇರಿಯಲ್ಲಿ, ಹಿಟ್ಟಿನ ಗಿರಣಿ ಈರಣ್ಣನವರ ಹತ್ತಿರ. ಗಿರಣಿಯ ಬಾಗಿಲಿಗೇ ವರ್ಷಾನುಗಟ್ಟಲೆ ನಿಂತು ನಿಂತು ಅದರ ಕೆಂಪು ಬಣ್ಣ ಹಿಟ್ಟು ಬಡಿದು ಗುಲಾಬಿಯಾಗಿತ್ತು. ತಲೆಯ ಮೇಲೆ ಕಬ್ಬಿಣದ ಕ್ಯಾರಿಯರ್. ಗಾಡಿ ನೋಡುವುದನ್ನು ನಾನು ಕಲಿತದ್ದು ನನ್ನ ಅಪ್ಪನಿಂದ. ಅಪ್ಪ ಜೀವನದಲ್ಲಿ ಕಾರು ಮುಟ್ಟಿದವನಲ್ಲ, ಎತ್ತು ಕೊಳ್ಳುವವನು. ದನದ ಸಂತೆಯಲ್ಲಿ ಎಲ್ಲರೂ ಎತ್ತಿನ ಹಲ್ಲು ನೋಡಿದರೆ ಅವನು ಅದನ್ನು ಹತ್ತು ಹೆಜ್ಜೆ ನಡೆಸಿ, ಹಿಂದೆ ನಿಂತು ಹೆಜ್ಜೆಯ ಸದ್ದು ಕೇಳುತ್ತಿದ್ದ. "ಹಲ್ಲು ವಯಸ್ಸು ಹೇಳತಾವು, ಹೆಜ್ಜಿ ಗುಣ ಹೇಳತಾವು" ಅನ್ನುತ್ತಿದ್ದ. ಅವನ ಹೆಗಲ ಮೇಲಿನ ಟವೆಲ್ಲಿಗೆ ಬೀಡಿ, ಬೆವರು, ಎತ್ತಿನ ಮೈ, ಮೂರೂ ಸೇರಿದ ಒಂದು ವಾಸನೆ. ಆ ಟವೆಲ್ಲಿನ ಕೆಳಗೇ ವ್ಯಾಪಾರ ನಡೆಯುತ್ತಿತ್ತು. ಕೊಡುವವನ ಕೈ, ಕೊಳ್ಳುವವನ ಕೈ ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಿದ್ದವು. ಮೇಲೆ ಇಬ್ಬರ ಮುಖವೂ ಕಲ್ಲು. ನಾನು ಸಣ್ಣವನಿದ್ದಾಗ ಅಪ್ಪನ ಮೀಸೆ ನೋಡಿಯೇ ಬೆಲೆ ಊಹಿಸಲು ಹೋಗುತ್ತಿದ್ದೆ. ಒಮ್ಮೆಯೂ ಸರಿಯಾಗಲಿಲ್ಲ.

ಈರಣ್ಣನವರೂ ಆ ಕಾಲದವರೇ. "ಗಾಡಿ ಅಲ್ರಿ ಇದು, ಮನಿಮಗಳು" ಅಂತ ಶುರು ಮಾಡಿದರು.

"ಮಗಳಂದಮ್ಯಾಲೆ ಉಡಿ ತುಂಬಿ ಕಳಸಬೇಕ್ರಿ ಅಣ್ಣಾರ, ರೊಕ್ಕ ಕೇಳೂದಲ್ಲ" ಅಂದೆ.

ಅವರು ನಗಲಿಲ್ಲ. ಹೆಗಲ ಟವೆಲ್ಲು ತೆಗೆದು ನನ್ನ ಕೈಯ ಮೇಲೆ ಹಾಸಿದರು. ಎಷ್ಟು ವರ್ಷವಾಗಿತ್ತು ಹಾಗೆ ವ್ಯಾಪಾರ ಮಾಡಿ! ಅವರ ಬೆರಳುಗಳು ಹಿಟ್ಟಿನಿಂದ ಮೆತ್ತಗೆ, ಹಿಡಿತ ಮಾತ್ರ ಇಕ್ಕಳ. ಬೆಲೆ ಎಷ್ಟಾಯಿತು ಅಂತ ಕೇಳಬೇಡಿ. ಟವೆಲ್ಲಿನ ಕೆಳಗಿನ ಮಾತು ಟವೆಲ್ಲಿನ ಕೆಳಗೇ ಇರಬೇಕು. ಇಷ್ಟು ಹೇಳಬಲ್ಲೆ, ನಾನು ಗೆದ್ದೆ ಅಂದುಕೊಂಡು ಕೈ ಹೊರಗೆ ತೆಗೆದೆ, ಅವರ ಮುಖವೂ ಗೆದ್ದವರ ಹಾಗೆಯೇ ಇತ್ತು. ಗಾಡಿ ಹೊರಡುವಾಗ ಈರಣ್ಣನವರು ಒಂದು ಚೀಲ ಜೋಳದ ಹಿಟ್ಟು ತಂದು ಡಿಕ್ಕಿಯಲ್ಲಿಟ್ಟು, "ಉಡಿ ತುಂಬೀನ್ರಿ, ಇನ್ನ ಕರಕೊಂಡು ಹೋಗ್ರಿ" ಅಂದರು. ಇಂಥ ಮನುಷ್ಯರ ಹತ್ತಿರ ಸೋತರೂ ನಷ್ಟವಿಲ್ಲ.

ನೀಲಮ್ಮ ಗಾಡಿ ಓಡಿಸಲು ಆ ಬೇಸಿಗೆಯಲ್ಲೇ ಕಲಿತಳು, ಲೈಸನ್ಸೂ ಬಂತು. ಮೊದಲ ವಾರವೇ ಹಣೆಬರಹ ಗೊತ್ತಾಯಿತು. ಸೋಮವಾರ ಪೆಟ್ರೋಲ್ ಟಾಕಿ ತುಂಬಿಸಿದರೆ ಗುರುವಾರ ಸಂಜೆಗೆ ಮುಳ್ಳು ನೆಲ ಕಚ್ಚುತ್ತಿತ್ತು. ನೀಲಮ್ಮ ಲೆಕ್ಕ ಹಾಕಲು ಕಾಗದ ಹಿಡಿಯುವವಳಲ್ಲ. ರೊಟ್ಟಿ ತಟ್ಟುತ್ತಲೇ ಹೇಳಿದಳು: "ಟಾಕಿ ಶನಿವಾರ ಮುಟ್ಟಿದ್ರ ಗಾಡಿ ಇರಲಿ. ಮುಟ್ಟಲಿಲ್ಲಂದ್ರ ಅದು ನನ್ನ ರೊಟ್ಟಿನ ತಿನ್ನಾಕ ಹತ್ತೇತಿ ಅಂತ ಅರ್ಥ. ಸೀಗಿ ಹುಣ್ಣಿಮಿ ತನಕ ನೋಡತೀನಿ. ಆಮ್ಯಾಲೆ ಏಜೆಂಟಗ ಹೂಂ ಅಂದಬಿಡತೀನಿ."

ಶನಿವಾರ. ನನಗೆ ಸಿಕ್ಕ ಗುರಿ ಅದು. ಬೇರೆಯವರು ಆವರೇಜ್ ಅಂದರೆ ಲೀಟರಿಗೆ ಇಷ್ಟು ಕಿಲೋಮೀಟರು ಅಂತ ಅಂಕಿ ಹೇಳುತ್ತಾರೆ, ನಮ್ಮ ಮನೆಯಲ್ಲಿ ವಾರದ ಹೆಸರು ಹೇಳುತ್ತಿದ್ದೆವು.

ಮೊದಲು ತಲೆಯ ಮೇಲಿನ ಕ್ಯಾರಿಯರ್ ಕಳಚಿದೆ. ಗಾಳಿಗೆ ಎದೆಯೊಡ್ಡಿ ನಿಂತ ಆ ಕಬ್ಬಿಣ ಹೊತ್ತು ಓಡುವುದೆಂದರೆ, ತೆರೆದ ಕೊಡೆ ಹಿಡಿದು ಎದುರುಗಾಳಿಗೆ ಓಡಿದಂತೆ. ನಿಮ್ಮ ಗಾಡಿಗೂ ಇದ್ದರೆ ಇಂದೇ ಕಳಚಿ. ಎಸೆಯಬೇಡಿ ಮತ್ತೆ, ನಮ್ಮದರ ಮೇಲೆ ಈಗ ಹೀರೆಬಳ್ಳಿ ಹಬ್ಬಿದೆ, ಕಾಯಿಗೆ ನೆಲ ತಾಗುವುದಿಲ್ಲ. ಆಮೇಲೆ ಗಾಡಿಯನ್ನು ಕುಂದಗೋಳದ ದಾವಲಸಾಬ ಮಿಸ್ತ್ರಿಯ ಹತ್ತಿರ ಒಯ್ದೆ. ಆತ ತನ್ನ ಕೈಗುಣವನ್ನು ತಾನೇ ಹೊಗಳಿಕೊಳ್ಳುವ ಪೈಕಿ. ಹೊಗಳಿಕೆಯಲ್ಲಿ ಅರ್ಧ ನಿಜ ಅಂತ ಹಿಡಿದರೂ ಸಾಲುವಷ್ಟು ನಿಪುಣ. ಬಾನೆಟ್ ಎತ್ತಿ, ಫಿಲ್ಟರ್ ಹೊರಗೆ ತೆಗೆದು ನೆಲಕ್ಕೆ ಕುಟ್ಟಿದ. ಹಿಟ್ಟಿನ ಮೋಡ ಎದ್ದು ಇಬ್ಬರ ಹುಬ್ಬೂ ಬೆಳ್ಳಗಾದವು. ಗಿರಣಿಯ ಬಾಗಿಲಿನ ಗಾಳಿ ಕುಡಿದ ಎಂಜಿನ್ನು, ಪಾಪ, ಇನ್ನೇನು ಮಾಡೀತು.

"ಕಾಕಾ, ಇಷ್ಟ ದಿವಸ ನಿಮ್ಮ ಗಾಡಿ ಪೆಟ್ರೋಲದಾಗ ರೊಟ್ಟಿ ಬಡೀತಿತ್ತರಿ" ಅಂದ ದಾವಲಸಾಬ.

ಆತ ಹೊಸ ಫಿಲ್ಟರ್ ಕೂಡಿಸಿದ, ಹಳೆಯದನ್ನು ನಾನು ಕೇಳಿ ಇಸಿದುಕೊಂಡೆ. ಅದೇ ಇದು, ಗೋಡೆಯ ಮೇಲಿನದು.

ಅಷ್ಟಕ್ಕೇ ಮುಗಿಯಲಿಲ್ಲ. ಎಂಜಿನ್ನಿನ ನೀರು ಕಾಯುವ ತನಕ ಅದನ್ನು ತಡೆದು ಹಿಡಿಯುವ ಒಂದು ಸಣ್ಣ ಬಾಗಿಲಿರುತ್ತದೆ. ಥರ್ಮೋಸ್ಟಾಟ್ ಅನ್ನುತ್ತಾರೆ. ನಮ್ಮ ಕಡೆಯ ಬಿಸಿಲಿಗೆ ಹೆದರಿ ಯಾರೋ ಅದನ್ನು ಕಿತ್ತು ಹಾಕಿದ್ದರು. ಎಂಜಿನ್ನು ತಂಪಾಗಿದ್ದರೆ ಒಳ್ಳೆಯದಲ್ಲವೇ ಅಂತ ನಾನೂ ಕೇಳಿದೆ. ಚಳಿಗಾಲದ ಬೆಳಗ್ಗೆ ಕೊಟ್ಟಿಗೆಯಿಂದ ಎಬ್ಬಿಸಿದ ಎತ್ತನ್ನು ನೆನೆಸಿಕೊಳ್ಳಿ ಅಂದ ದಾವಲಸಾಬ. ಮೇವು ತಿನ್ನುತ್ತದೆ, ಹೆಜ್ಜೆ ಹಾಕುವುದಿಲ್ಲ. ಮೈ ಕಾಯದ ಎಂಜಿನ್ನೂ ಹಾಗೆಯೇ. ಎತ್ತಿನ ಮಾತು ಬಂದ ಮೇಲೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ, ಹೊಸ ಥರ್ಮೋಸ್ಟಾಟ್ ಹಾಕಿಸಿದೆ.

ಇನ್ನೊಂದು ದೋಷವನ್ನು ಮಾತ್ರ ನಾನೇ ಕಂಡುಹಿಡಿದೆ ಅಂತ ಹೇಳಿಕೊಳ್ಳಲು ಅಪ್ಪಣೆ ಕೊಡಿ. ಅಪ್ಪ ಚಕ್ಕಡಿ ಹೂಡುವ ಮೊದಲು ಅದನ್ನು ಸಮನೆಲದ ಮೇಲೆ ಒಂದೇ ಕೈಯಿಂದ ನೂಕುತ್ತಿದ್ದ. ಉರುಳದಿದ್ದರೆ ಅಚ್ಚಿಗೆ ಕೀಲೆಣ್ಣೆ ಬೇಕು ಅಂತ ಅರ್ಥ. ಚಕ್ಕಡಿಯ ಕೆಳಗೆ ತೂಗುತ್ತಿದ್ದ ಬಿದಿರಿನ ಗೊಟ್ಟದಿಂದ ಕಪ್ಪು ಎಣ್ಣೆ ಮೆತ್ತುವ ಕೆಲಸ ನನ್ನದಾಗಿತ್ತು. ಶಾಲೆಯಲ್ಲಿ ನನ್ನ ಪಾಟಿಗಿಂತ ನನ್ನ ಕೈಯೇ ಕಪ್ಪು. ಆ ನೆನಪಿನಿಂದ ಗ್ಯಾರೇಜಿನ ಸಿಮೆಂಟು ನೆಲದ ಮೇಲೆ ಕಾರನ್ನು ನ್ಯೂಟ್ರಲ್ಲಿಗೆ ಹಾಕಿ ನೂಕಿದೆ. ಎರಡೂ ಕೈ ಕೊಟ್ಟರೂ ಮಿಸುಕಲಿಲ್ಲ. ಹಿಂದಿನ ಗಾಲಿ ಬಿಚ್ಚಿದರೆ, ಅಣ್ಣಿಗೇರಿಯ ಎರೆಮಣ್ಣು ಬ್ರೇಕಿನ ಡ್ರಮ್ಮಿನೊಳಗೆ ಹೊಕ್ಕು ಇಟ್ಟಿಗೆಯಾಗಿ ಕೂತಿತ್ತು. ನಮ್ಮ ಕರಿ ಮಣ್ಣು ಗೊತ್ತಲ್ಲ, ಮಳೆಯಲ್ಲಿ ಹಿಡಿದರೆ ನೆಂಟರಿಗಿಂತ ಗಟ್ಟಿ ಹಿಡಿಯುತ್ತದೆ. ಗಾಡಿ ಇಷ್ಟು ದಿನ ಬ್ರೇಕು ಒತ್ತಿಕೊಂಡೇ ಓಡಿತ್ತು. ಕೆರೆದು, ತೊಳೆದು, ಗಾಲಿಗಳಿಗೆ ಬೆಳಗಿನ ತಂಪಿನಲ್ಲಿ ಸರಿಯಾಗಿ ಗಾಳಿ ತುಂಬಿಸಿ ಮತ್ತೆ ನೂಕಿದೆ. ಒಂದೇ ಕೈ. ಕರೆದೊಡನೆ ಎದ್ದು ಬರುವ ಹಳೆಯ ಗೆಳೆಯನ ಹಾಗೆ ಉರುಳಿತು.

ಆ ಸೋಮವಾರ ತುಂಬಿಸಿದ ಟಾಕಿ ಶುಕ್ರವಾರ ಸಂಜೆಯ ತನಕ ಬಂತು. ಬರೀ ಶುಕ್ರವಾರ. ಇನ್ನೊಂದು ದಿನ ಎಲ್ಲಿ ಸೋರುತ್ತಿದೆ ಅಂತ ನನಗೆ ಹೊಳೆಯಲಿಲ್ಲ. ಭಾನುವಾರ ಟಾಕಿ ತುಂಬಿಸಿ, ಖಾಲಿ ರಸ್ತೆಯಲ್ಲಿ ನಾನೇ ಹುಬ್ಬಳ್ಳಿಗೆ ಹೋಗಿ ಬಂದು ನೋಡಿದೆ, ಗಾಡಿ ಮುತ್ತಿನಂತೆ ಓಡಿತು, ಮುಳ್ಳು ಅಲುಗಲೂ ಇಲ್ಲ. ಅಂದ ಮೇಲೆ ದೋಷ ಗಾಡಿಯದಲ್ಲ, ಓಡಿಸುವವರ ಕಾಲಿನದು ಅಂತ ತೀರ್ಪು ಕೊಟ್ಟುಬಿಟ್ಟೆ. ಊಟಕ್ಕೆ ಬಡಿಸುವ ಹೊತ್ತಿನಲ್ಲಿ ಕೊಡಬಾರದ ತೀರ್ಪು ಅದು. ಆದರೂ ಕೊಟ್ಟೆ: "ನಿನ್ನ ಕಾಲು ಭಾರ ಐತಿ ನೀಲಾ. ಪೆಟ್ರೋಲ್ ಏನ ಬಾವ್ಯಾಗಿಂದ ಸೇದಿ ತರತೀವಿ ಅಂತ ಮಾಡೀಯೇನ?"

ನೀಲಮ್ಮ ಪಲ್ಯದ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. "ನಾಳೆ ಬರ್ರಿ ನೀವು. ಹಿಂದಿನ ಸೀಟನ್ಯಾಗ ರೊಟ್ಟಿ ಬಾಜೂ ಕುಂದರ್ರಿ. ರೊಟ್ಟಿ ಹಂಗ ಸುಮ್ಮ ಕುಂದರಬೇಕು."

ಹೀಗೆ ನಾನು ರೊಟ್ಟಿ ಡಬ್ಬಿಗಳ ನಡುವೆ ಮೊಣಕಾಲು ಮಡಚಿ ಕೂತು ಹುಬ್ಬಳ್ಳಿಗೆ ಹೊರಟೆ. ಅಂದು ನನ್ನ ಕಣ್ಣು ತೆರೆಯಿತು. ಭಾರದ ಕಾಲೇ ಅದು? ಹಿಟ್ಟಿನ ಮುದ್ದೆಯ ಅಂಚಿನಲ್ಲಿ ಬೆರಳು ಹೇಗೆ ಓಡಾಡುತ್ತದೋ ಹಾಗೆ ಆಕ್ಸಿಲರೇಟರಿನ ಮೇಲೆ ಪಾದ. ಒತ್ತುವುದಿಲ್ಲ, ಸವರುತ್ತದೆ. ಇಳಿಜಾರು ಬರುವುದಕ್ಕೆ ಎಷ್ಟೋ ಮೊದಲೇ ಕಾಲು ಸಡಿಲ. ಕ್ಲಚ್ಚಿನ ಮೇಲೆ ಸುಮ್ಮನೆ ಕಾಲಿಟ್ಟುಕೊಳ್ಳುವ ಗಂಡಸರ ಚಟ ಅವಳಿಗಿಲ್ಲ. (ನಿಮಗಿದ್ದರೆ ಬಿಡಿ, ಅದು ಪೆಟ್ರೋಲನ್ನೂ ತಿನ್ನುತ್ತದೆ, ಕ್ಲಚ್ಚನ್ನೂ ತಿನ್ನುತ್ತದೆ.) ಗುಂಡಿಯೊಂದನ್ನು ಆಕೆ ದಾಟಿಸಿದ ರೀತಿಗೆ ನನ್ನ ಬಗಲಿನ ಡಬ್ಬಿಯಲ್ಲಿ ಒಂದು ರೊಟ್ಟಿಯೂ ಸದ್ದು ಮಾಡಲಿಲ್ಲ. ನಾನು ಓಡಿಸಿದ್ದರೆ ಮಾದಲಿ.

ಆದರೆ ಗಾಡಿ ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಅಗಸಿಯ, ಅಂದರೆ ಊರಬಾಗಿಲಿನ, ಹತ್ತಿರ ಯಾರೋ ಕೈ ಎತ್ತಿದರು, ನಿಂತೆವು. ಶಾಲೆಯ ಮುಂದೆ ಕೈ, ನಿಂತೆವು. ಹಳ್ಳದ ಸೇತುವೆಯ ಮೇಲೆ ನಮ್ಮ ಓಣಿಯ ಗಂಗವ್ವ ಆಯಿ. ನೀಲಮ್ಮನ ಹಿತ್ತಲಲ್ಲಿ ರೊಟ್ಟಿ ಬಡಿಯುವವರಲ್ಲೆಲ್ಲ ಹಿರಿಯಳು, ಕುಂದಗೋಳದ ದವಾಖಾನೆಗೆ ಹೊರಟವಳು. ಆಕೆ ಕೈ ಕೂಡ ಎತ್ತಲಿಲ್ಲ, ಗಾಡಿ ತನ್ನದೇ ಎಂಬಂತೆ ರಸ್ತೆಯ ನಡುವೆ ನಿಂತಿದ್ದಳು. ನಿಂತಲ್ಲೆಲ್ಲ ಬರೀ ಹತ್ತಿಸಿಕೊಂಡರೆ ಸಾಕೇ? ಸೊಸೆಗೆ ನೋವು ಶುರುವಾಯಿತೇ, ಆಕಳು ಈಯಿತೇ, ಮೆಣಸಿನಕಾಯಿ ಒಣಗಿತೇ, ಕಿಟಕಿಯಲ್ಲಿ ತಲೆ ತೂರಿಸಿ ಎಲ್ಲ ಕೇಳಬೇಕು, ಹೇಳಬೇಕು. ಎಂಜಿನ್ನು ಗುರುಗುಡುತ್ತ ಆ ಮಾತುಗಳಿಗೆಲ್ಲ ಹೂಂಗುಡುತ್ತಿರುತ್ತದೆ. ಜಾಗವಿಲ್ಲದಿದ್ದರೂ ನಿಲ್ಲಬೇಕು, ಜಾಗವಿಲ್ಲ ಅಂತ ಹೇಳುವುದಕ್ಕೆ.

ನಮ್ಮ ಊರಿನವರು ಕಾರನ್ನು ಇನ್ನೂ ಚಕ್ಕಡಿ ಅಂದುಕೊಂಡಿದ್ದಾರೆ, ಅದೇ ಸಂಗತಿ. ಖಾಲಿ ಚಕ್ಕಡಿ ದಾರಿಯಲ್ಲಿ ನಡೆಯುವವರನ್ನು ಬಿಟ್ಟು ಹೋಗಬಾರದು ಎಂಬುದು ನಮ್ಮಲ್ಲಿ ಬರೆಯದ ಕಾನೂನು. ಚಕ್ಕಡಿಗೆ ಅದು ಖರ್ಚಿಲ್ಲದ ಕಾನೂನು. ಅದು ನಿಲ್ಲುತ್ತಿರಲಿಲ್ಲ, ಜನ ಓಡಿ ಬಂದು ಹಿಂದಿನಿಂದ ಹಾರಿ ಕೂರುತ್ತಿದ್ದರು. ಮಾತೂ ನಡೆದಂತೆಯೇ, ಹಾದಿಯೂ ನಡೆದಂತೆಯೇ. ಕಾರು ನಿಲ್ಲಬೇಕು. ನಿಂತ ಗಾಡಿಯನ್ನು ಮತ್ತೆ ಎಬ್ಬಿಸುವುದರಲ್ಲಿಯೇ ಪೆಟ್ರೋಲಿನ ಪ್ರಾಣ ಹೋಗುತ್ತದೆ. ನನ್ನ ಕಳೆದ ಶನಿವಾರ ಆ ಅಗಸಿ, ಶಾಲೆ, ಸೇತುವೆಗಳ ನಡುವೆ ಚೂರು ಚೂರಾಗಿ ಬಿದ್ದಿತ್ತು.

ಕುಂದಗೋಳದಲ್ಲಿ ಎಲ್ಲರೂ ಇಳಿದ ಮೇಲೆ ನನಗೆ ಬಾಯಿ ತೆರೆಯಲು ಅಪ್ಪಣೆ ಸಿಕ್ಕಿತು. ಉಪಾಯ ಸರಳ, ನಾಳೆಯಿಂದ ನಿಲ್ಲಿಸಬೇಡ ಅಂದೆ. ಕಿಟಕಿ ಏರಿಸು, ನೇರ ನೋಡು, ಹೋಗು.

ನೀಲಮ್ಮ ಕನ್ನಡಿಯಲ್ಲಿ ನನ್ನನ್ನು ನೋಡಿದಳು. "ಗಂಗವ್ವ ಆಯಿ ಕಂಡರೂ ಕಣ್ಣ ತಪ್ಪಿಸಿ ಹೋಗೂದ ಕಲತ್ರ, ಆಕಿ ನಾಳೆ ನನ್ನ ಮುಂದ ಕುಂತು ರೊಟ್ಟಿ ಬಡೀತಾಳೇನ್ರಿ? ಮಂದೀನ ಬಿಟ್ಟು ಆವರೇಜ್ ತಗೊಂಡು ಏನ ಮಾಡೂದು. ಅದರಕಿಂತ ಏಜೆಂಟನ ಚೊಲೊ."

ಸೀಗಿ ಹುಣ್ಣಿಮೆ ಹತ್ತಿರ ಬಂದಿತ್ತು. ಏಜೆಂಟನೂ ಒಮ್ಮೆ ಬಂದು ತನ್ನ ಹೊಸ ಚೀಲದ ನಮೂನೆ ತೋರಿಸಿ ಹೋದ. ಹೊಳೆಯುವ ಚೀಲ, ಅದರ ಮೇಲೆ ಯಾವುದೋ ನಗುವ ಅಜ್ಜಿಯ ಚಿತ್ರ. ನೀಲಮ್ಮ ಅದನ್ನು ಬಹಳ ಹೊತ್ತು ತಿರುವಿ ನೋಡಿ ಒಲೆಯ ಪಕ್ಕದಲ್ಲಿ ಇಟ್ಟಳು. ಒಲೆಯೊಳಗೆ ಇಡಲಿಲ್ಲ, ಅದೇ ನನಗೆ ಹೆದರಿಕೆ.

ದಾರಿ ತೋರಿಸಿದ್ದು ಹಿತ್ತಲಿನ ಹರಟೆ. ನಾನು ಹೀರೆಬಳ್ಳಿಗೆ ನೀರು ಬಿಡುತ್ತಿದ್ದೆ. ಗಂಗವ್ವ ಆಯಿ ತನ್ನ ಲಗ್ನದ ಕಾಲದ ಚಕ್ಕಡಿಯ ಕತೆ ಹೇಳುತ್ತಿದ್ದಳು. ಓಡಿ ಹತ್ತಲಾರದ ಬಸುರಿಯರು, ಮುದುಕಿಯರು ಆಗ ಏನು ಮಾಡುತ್ತಿದ್ದರು ಅಂತ ನೀಲಮ್ಮ ಸುಮ್ಮನೆ ಕೇಳಿದಂತೆ ಕೇಳಿದಳು. ಚಕ್ಕಡಿ ನೀರು ಕುಡಿಸುವ ಕಡೆ ನಿಲ್ಲುತ್ತಿತ್ತಲ್ಲ, ಬೇವಿನ ಗಿಡದ ಕೆಳಗೆ, ಅಲ್ಲಿಗೇ ನಡೆದು ಹೋಗಿ ಕೂತಿರುತ್ತಿದ್ದೆವು ಅಂದಳು ಆಯಿ. ಆ ಗಿಡ ಈಗಲೂ ಇದೆ. ನಮ್ಮೂರ ದಾರಿ ಕುಂದಗೋಳದ ರಸ್ತೆಗೆ ಕೂಡುವ ಜಾಗ. ಎತ್ತು ನೀರು ಕುಡಿಯುತ್ತಿದ್ದ ಕಲ್ಲಿನ ದೋಣಿಯೂ ಅಲ್ಲೇ ಮಗುಚಿ ಬಿದ್ದಿದೆ.

ನೀಲಮ್ಮ ತಟ್ಟುತ್ತಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ ಹೇಳಿದಳು: "ಆಯಿ, ಗಾಡಿ ನಿಂತು ನಿಂತು ಹೊಂಟ್ರ ಪ್ರತಿ ಹೊಯ್ದಾಟಕ್ಕ ರೊಟ್ಟಿ ಒಡ್ಯಾಕ ಹತ್ಯಾವು. ನೀ ಬಡದಿದ್ದ ರೊಟ್ಟಿ. ಎಲ್ಲಾರೂ ಆ ಗಿಡದ ಬುಡಕ್ಕ ನಿಂತ್ರ ಒಂದ ಸಲ ನಿಂದರತೀನಿ, ಮಾತಾಡೂದೆಲ್ಲ ಗಾಡ್ಯಾಗ ಕುಂತು ಮಾತಾಡೂಣು."

ಪೆಟ್ರೋಲ್ ಎಂಬ ಶಬ್ದವೇ ಬರಲಿಲ್ಲ, ಗಮನಿಸಿದಿರಾ? ಪೆಟ್ರೋಲ್ ಉಳಿಸುತ್ತೇನೆ ಅಂದಿದ್ದರೆ ಊರು ಜಿಪುಣಿ ಅನ್ನುತ್ತಿತ್ತು. ರೊಟ್ಟಿ ಒಡೆಯುತ್ತದೆ ಅಂದಳು. ಅನ್ನ ಮುರಿಯುವ ಪಾಪಕ್ಕೆ ನಮ್ಮಲ್ಲಿ ಯಾರೂ ಕೈ ಹಾಕುವುದಿಲ್ಲ. ಸುಳ್ಳೂ ಅಲ್ಲ, ಬ್ರೇಕಿಗೊಂದು ರೊಟ್ಟಿ ನಿಜವಾಗಿ ಬಿರುಕು ಬಿಡುತ್ತಿತ್ತು. ಬಳ್ಳಿಯ ಬುಡದಲ್ಲಿ ನೀರು ತುಂಬಿ ಹರಿದದ್ದೂ ತಿಳಿಯದೆ ನಾನು ನಿಂತಿದ್ದೆ. ನನ್ನ ಜೀವಮಾನದ ಚೌಕಾಸಿಯಲ್ಲಿ ಎರಡು ಕಡೆಯೂ ಗೆಲ್ಲುವ ಇಂಥ ವ್ಯಾಪಾರ ಒಂದೇ ನೋಡಿದ್ದೆ, ಅಣ್ಣಿಗೇರಿಯ ಟವೆಲ್ಲಿನ ಕೆಳಗೆ. ಇದು ಎರಡನೆಯದು, ಇದರಲ್ಲಿ ಟವೆಲ್ಲೂ ಇರಲಿಲ್ಲ.

ಮಾತು ಹಬ್ಬಿಸುವ ಕೆಲಸ ಗಂಗವ್ವ ಆಯಿ ವಹಿಸಿಕೊಂಡಳು. ಮರೆತು ಅಗಸಿಯಲ್ಲಿ ಕೈ ಎತ್ತಿದವರಿಗೆ ನೀಲಮ್ಮ ಕಿಟಕಿಯಿಂದ ಗಿಡದ ದಿಕ್ಕು ತೋರಿಸಿ ಮುಂದೆ ಹೋಗುತ್ತಿದ್ದಳು. ಅವರು ತಲೆ ಕೆರೆದುಕೊಂಡು ನಡೆಯುತ್ತಿದ್ದರು. ಒಬ್ಬರಿಗೂ ಬೇಸರವಾಗಲಿಲ್ಲ. ಗಿಡದ ಕೆಳಗೆ ಎಂಜಿನ್ನು ಆರಿಸಿ ಕಾಯುತ್ತಾಳೆ, ಜಾಗವಿರುವಷ್ಟು ಮಂದಿ ಹತ್ತುತ್ತಾರೆ, ದವಾಖಾನೆಯವರು ಮೊದಲು. ಉಳಿದವರು ಕಲ್ಲಿನ ದೋಣಿಯ ಮೇಲೆ ಕೂತು ಬಸ್ಸು ಕಾಯುತ್ತಾರೆ.

ಆ ವಾರ ಶುಕ್ರವಾರ ಸಂಜೆ ನಾನು ಮೂರು ಸಲ ಅಂಗಳಕ್ಕೆ ಹೋಗಿ ಕೀಲಿ ತಿರುಗಿಸಿ ಮುಳ್ಳು ನೋಡಿ ಬಂದೆ. ಶನಿವಾರ ನೀಲಮ್ಮ ಹುಬ್ಬಳ್ಳಿಯಿಂದ ಹಿಂದಿರುಗಿ, ಕೀಲಿಯನ್ನು ನನ್ನ ತಾಟಿನ ಪಕ್ಕದಲ್ಲಿಟ್ಟು, ರೊಟ್ಟಿ ಬಡಿಸಿದಳು. ನಾನು ಕೈ ತೊಳೆಯುವ ಮೊದಲೇ ಹೋಗಿ ನೋಡಿದೆ. ಮುಳ್ಳು ಇನ್ನೂ ಮಿಸುಕುತ್ತಿತ್ತು, ಕಡುಬಡವನ ಮನೆಯ ದೀಪದ ಹಾಗೆ, ಆದರೆ ಮಿಸುಕುತ್ತಿತ್ತು. ಸೀಗಿ ಹುಣ್ಣಿಮೆಗೆ ಹೊಲಕ್ಕೆ ಬುತ್ತಿ ಹೊತ್ತು ಹೋದದ್ದು ಅದೇ ಕಾರು. ಏಜೆಂಟ ಬಂದಾಗ ನೀಲಮ್ಮ ಚಹಾ ಕೊಟ್ಟು, ಎರಡು ರೊಟ್ಟಿ, ಎಣಗಾಯಿ ಪಲ್ಯ ಬಡಿಸಿ, ನಗುವ ಅಜ್ಜಿಯ ಚೀಲವನ್ನು ಮಡಿಕೆ ಕೆಡದಂತೆ ಅವನ ಕೈಗೇ ಕೊಟ್ಟು ಕಳಿಸಿದಳು.

ಇಷ್ಟೆಲ್ಲ ಆದ ಮೇಲೂ ನಾನು ನಾನೇ. ಮೊನ್ನೆ ಬೆಳಗ್ಗೆ ಸೇತುವೆಯ ಹತ್ತಿರದ ನಮ್ಮ ಹೊಲದಲ್ಲಿದ್ದೆ. ಮೋಟರಿನ ಒಂದು ಸಾಮಾನು ತರಲು ಕುಂದಗೋಳಕ್ಕೆ ಹೋಗಬೇಕಾಗಿತ್ತು. ದೂರದಲ್ಲಿ ಗುಲಾಬಿ ಕಾರು ಕಂಡಿತು. ನನ್ನ ಗಾಡಿ, ನನ್ನ ಹೆಂಡತಿ, ನಾನೇ ಕೆರೆದು ತೊಳೆದ ಬ್ರೇಕು. ರಸ್ತೆಗೆ ಬಂದು ಜಂಬದಿಂದ ಕೈ ಎತ್ತಿದೆ.

ಕಾರು ಸದ್ದಿಲ್ಲದೆ, ಅದೇ ಹಗುರ ಕಾಲಿನಲ್ಲಿ, ನನ್ನನ್ನು ದಾಟಿತು. ಕಿಟಕಿಯಿಂದ ಒಂದು ಕೈ ಹೊರಬಂದು ಮುಂದಿನ ಬೇವಿನ ಗಿಡ ತೋರಿಸಿ ಒಳಗೆ ಹೋಯಿತು. ನಾನು ಬಿಸಿಲಿನಲ್ಲಿ ಅಷ್ಟು ದೂರ ನಡೆದೆ. ಗಾಡಿ ಗಿಡದ ಕೆಳಗೆ ಎಂಜಿನ್ನು ಆರಿಸಿ ನಿಂತಿತ್ತು. ಒಳಗಿನ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಗಂಗವ್ವ ಆಯಿ ಸರಿದು ಒಂದು ಅಂಗೈಯಷ್ಟು ಜಾಗ ಮಾಡಿದಳು. ನಾನು ಏದುಸಿರು ಬಿಡುತ್ತ, ಗಂಡನನ್ನು ಕಂಡರೂ ನಿಲ್ಲಿಸಲಿಲ್ಲವಲ್ಲ ಅಂತ ಕೇಳಿದೆ.

ನೀಲಮ್ಮ ಕೀಲಿ ತಿರುಗಿಸಿದಳು. "ಪೆಟ್ರೋಲ್ ಏನ ಬಾವ್ಯಾಗಿಂದ ಸೇದಿ ತರತೀವಿ ಅಂತ ಮಾಡೀರೇನ್ರಿ?"

ನಾನು ಬಾಗಿಲು ಹಾಕಿಕೊಂಡು, ಬಗಲಿನ ರೊಟ್ಟಿಯ ಹಾಗೆ ಸುಮ್ಮನೆ ಕೂತೆ.